ಊರು ನೋಡಿದ್ದು, ನೀರು ನೋಡಿದ್ದು
(ಬಾನುಲಿ ಭಾಷಣ)

ಪರದೇಶದಲ್ಲಿ ಹತ್ತು ದಿನ ಇದ್ದು ಬಂದವನು ಪ್ರವಾಸಕಥನ ಬರೆಯುತ್ತಾನೆ, ಹತ್ತು ವರ್ಷ ಇದ್ದವನು ಬಾಯಿಯನ್ನೇ ಬಿಡುವುದಿಲ್ಲ ಎಂದು ನನ್ನ ಸ್ನೇಹಿತರೊಬ್ಬರು ಹಾಸ್ಯ ಮಾಡುವುದುಂಟು. ನಾನು ಅಲ್ಲಿ ಇದ್ದುದು ಹನ್ನೊಂದು ತಿಂಗಳು. ಬರೆಯುವುದಕ್ಕೆ ತುಸು ಹೆಚ್ಚಾಯಿತು, ಸುಮ್ಮನಿರುವುದಕ್ಕೆ ತುಸು ಕಡಿಮೆಯಾಯಿತು. ಆದ್ದರಿಂದ ಮಾತನಾಡಲು ಒಪ್ಪಿಕೊಂಡಿದ್ದೇನೆ.

ನಾನು ಬಿಡದಿಯ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಯಂತ್ರಗಳ ದುರಸ್ತಿ ನೋಡಿಕೊಳ್ಳುವವನು. ಮೈಸೂರು ರಸ್ತೆಯಲ್ಲಿ ಓಡಾಡಿದವರಿಗೆ ಬಿಡದಿಯೆಂದರೆ ಮೊದಲು ನೆನಪಾಗುವುದು ತಟ್ಟೆ ಇಡ್ಲಿ. 1997ರಲ್ಲಿ ಟೊಯೊಟಾ ಕಿರ್ಲೋಸ್ಕರ್ ಸಂಸ್ಥೆ ಹುಟ್ಟಿ, ಇಲ್ಲಿ ಮೋಟಾರು ಕಾರ್ಖಾನೆ ಎದ್ದ ಮೇಲೆ, ರಾಗಿಯ ಹೊಲ, ಹಿಪ್ಪುನೇರಳೆಯ ತೋಟಗಳ ನಡುವೆ ತಂತಿಬೇಲಿ, ಗೇಟು, ಪಾಳಿಯ ಬಸ್ಸು ಎಲ್ಲವೂ ಬಂದವು. ನನ್ನ ಮನೆ ಇರುವುದು ಅಲ್ಲಿಗೆ ಕೆಲವೇ ಮೈಲಿ ದೂರದ ಬೈರಮಂಗಲ ಕೆರೆಯ ಕೆಳಗಿನ ಒಂದು ಹಳ್ಳಿಯಲ್ಲಿ. ನಮ್ಮ ತಂದೆಯವರು ನೀರುಗಂಟಿಯಾಗಿದ್ದವರು. ಪಟ್ಟಣದ ಕೇಳುಗರಿಗೆ ಈ ಮಾತು ಹೊಸದಾಗಿರಬಹುದು. ತೂಬು ಎತ್ತಿ, ಕಾಲುವೆಯ ಮಡೆ ತಿರುಗಿಸಿ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಹೋಗಬೇಕೆಂದು ನಿಂತು ನೋಡಿಕೊಳ್ಳುವವನು ನೀರುಗಂಟಿ. ರಾತ್ರಿ ಎದ್ದು ಮಡೆ ಒಡೆದವನನ್ನು ಬೆಳಿಗ್ಗೆ ಅವನ ಹೆಜ್ಜೆಯ ಗುರುತಿನಿಂದಲೇ ಹಿಡಿಯುತ್ತಿದ್ದರಂತೆ ನಮ್ಮಪ್ಪ.

2018ರ ಏಪ್ರಿಲ್ ತಿಂಗಳಿನಲ್ಲಿ, ಹೊಸ ಯಂತ್ರಗಳ ಮರ್ಮ ಕಲಿತು ಬಾ ಎಂದು ನನ್ನನ್ನು ಜರ್ಮನಿಯ ಸ್ಟುಟ್‌ಗಾರ್ಟ್ ನಗರದ ಬಳಿಗೆ ಕಳುಹಿಸಿದರು. ವಾರದ ಐದು ದಿನ ಕೆಲಸ. ಶನಿವಾರ, ಭಾನುವಾರ ನನ್ನವು. ಹೊರಡುವ ಮುನ್ನ ಕಾರಂತರ ‘ಅಪೂರ್ವ ಪಶ್ಚಿಮ’ವನ್ನು ಓದಿಕೊಂಡಿದ್ದೆ. ಒಂದು ನೋಟುಬುಕ್ಕಿನಲ್ಲಿ ನೋಡಬೇಕಾದ ಊರುಗಳ ಪಟ್ಟಿ ಬರೆದುಕೊಂಡಿದ್ದೆ. ನೋಡಿದ ಊರಿನ ಮುಂದೆ ಒಂದು ಗೀಟು. ಈಗ ಹೇಳಲು ನಾಚಿಕೆಯಾಗುತ್ತದೆ; ಮೊದಲ ಮೂರು ತಿಂಗಳಲ್ಲಿ ನಾನು ಊರುಗಳನ್ನು ನೋಡಿದ್ದಕ್ಕಿಂತ ಗೀಟು ಹಾಕಿದ್ದೇ ಹೆಚ್ಚು.

ಉಲ್ಮ್ ನಗರದ ಚರ್ಚಿಗೆ ತಳಪಾಯ ಹಾಕಿದ್ದು 1377ರಲ್ಲಿ, ಗೋಪುರ ಮುಗಿದದ್ದು 1890ರಲ್ಲಿ. 161 ಮೀಟರಿಗೂ ಮಿಗಿಲಾದ ಆ ಗೋಪುರ ಒಂದು ಶತಮಾನಕ್ಕೂ ಹೆಚ್ಚು ಕಾಲ ಜಗತ್ತಿನ ಚರ್ಚ್ ಗೋಪುರಗಳಲ್ಲೆಲ್ಲ ಎತ್ತರದ್ದೆನಿಸಿತ್ತು. ಮೆಟ್ಟಿಲುಗಳು 768. ಮಾಗಡಿಯ ಸಾವನದುರ್ಗ ಹತ್ತಿದ ಕಾಲು ನನ್ನದು ಎಂಬ ಜಂಬ ಅರ್ಧ ದಾರಿಯಲ್ಲೇ ಇಳಿದುಹೋಯಿತು. ಸ್ಟ್ರಾಸ್‌ಬುರ್ಗಿನ ಚರ್ಚಿನೊಳಗೆ ಒಂದು ಖಗೋಳ ಗಡಿಯಾರವಿದೆ. ಮಧ್ಯಾಹ್ನ ಹನ್ನೆರಡೂವರೆಗೆ ಕ್ರಿಸ್ತನ ಹನ್ನೆರಡು ಶಿಷ್ಯರ ಬೊಂಬೆಗಳು ಅವನ ಮುಂದೆ ಸಾಲಾಗಿ ಹಾಯುತ್ತವೆ, ಒಂದು ಹುಂಜ ರೆಕ್ಕೆ ಬಡಿದು ಕೂಗುತ್ತದೆ. ಜನರೆಲ್ಲ ಹುಂಜವನ್ನು ನೋಡುತ್ತಿದ್ದರೆ ನನ್ನ ಕಣ್ಣು ಹಲ್ಲುಗಾಲಿಗಳನ್ನು ಹುಡುಕುತ್ತಿತ್ತು. ಕಸುಬು ಎಲ್ಲಿ ಬಿಡುತ್ತದೆ! ಪ್ಯಾರಿಸನ್ನು ಎರಡೇ ದಿನದಲ್ಲಿ ಮುಗಿಸಿದೆ. ಅದರ ಬಗ್ಗೆ ಮಾತನಾಡುವವರು ಬೇಕಾದಷ್ಟು ಮಂದಿ ಇದ್ದಾರೆ. ನೋತ್ರ್ ದಾಮ್ ಚರ್ಚನ್ನು ಮಾತ್ರ ಅದರ ಮಾಡು ಸುಡುವ ಮೊದಲು ಕಂಡೆನೆಂಬ ಒಂದು ಸಮಾಧಾನವಿದೆ. ಅದು ಹೊತ್ತಿದ್ದು 2019ರ ಏಪ್ರಿಲಿನಲ್ಲಿ, ಮತ್ತೆ ಬಾಗಿಲು ತೆರೆದದ್ದು 2024ರ ಡಿಸೆಂಬರಿನಲ್ಲಿ.

ಪ್ರತಿ ಭಾನುವಾರ ರಾತ್ರಿ ಊರಿಗೆ ಫೋನು ಮಾಡುತ್ತಿದ್ದೆ. ಅಮ್ಮನದು ಊಟದ ವಿಚಾರಣೆ. ಅದು ಮುಗಿದ ಮೇಲೆ ಅಪ್ಪ ಫೋನು ತೆಗೆದುಕೊಂಡು, “ಯಾವೂರ್ ನೋಡ್ದೆ ಮಗ ಈ ವಾರ?” ಎಂದು ಕೇಳುತ್ತಿದ್ದರು. ನಾನು ಗೋಪುರದ ಎತ್ತರ, ಗಡಿಯಾರದ ಹುಂಜ ಎಲ್ಲವನ್ನೂ ವರ್ಣಿಸುತ್ತಿದ್ದೆ. ಅವರು ಎಲ್ಲವನ್ನೂ ಕೇಳಿಸಿಕೊಂಡು, ಕೊನೆಯಲ್ಲಿ, “ಅಲ್ಲಿ ಹೊಳೆ ಐತಾ? ನೀರ್ ಎಂಗೈತೆ?” ಎನ್ನುತ್ತಿದ್ದರು. ಉಲ್ಮಿನಲ್ಲಿ ಡ್ಯಾನ್ಯೂಬ್ ನದಿ ಗೋಪುರದಿಂದ ಕೂಗಳತೆಯಲ್ಲಿ ಹರಿಯುತ್ತದೆ. ನಾನು ಸೇತುವೆಯ ಮೇಲೆ ನಿಂತು ಫೋಟೋ ತೆಗೆದಿದ್ದೆ, ನೀರನ್ನು ನೋಡಿರಲಿಲ್ಲ. ಏನೋ ಒಂದು ಉತ್ತರ ಹೇಳಿಬಿಟ್ಟೆ. ನೀರುಗಂಟಿಗೆ ನೀರಿನ ವಿಷಯದಲ್ಲಿ ಸುಳ್ಳು ಹೇಳಿದರೆ ತಿಳಿಯದೆ ಇರುತ್ತದೆಯೆ? “ಮುಂದಿನ್ ವಾರ ನೋಡ್ಕಂಡ್ ಬಾ” ಎಂದರು.

ಅಂದಿನಿಂದ ನನ್ನ ಊರು ನೋಡುವ ಕ್ರಮವೇ ಬದಲಾಯಿತು. ಪಟ್ಟಿ ಹಾಗೆಯೇ ಇತ್ತು. ಆದರೆ ಪ್ರತಿ ಊರಿನಲ್ಲೂ ಅಪ್ಪನಿಗೆ ಹೇಳುವುದಕ್ಕಾಗಿ ನೀರಿನ ಬಳಿಗೆ ಹೋಗಬೇಕಾಯಿತು.

ಮೊದಲು ಕಣ್ಣಿಗೆ ಬಿದ್ದದ್ದು ನಾನಿದ್ದ ಸ್ಟುಟ್‌ಗಾರ್ಟ್ ನಗರವೇ. ಎರಡನೆಯ ಮಹಾಯುದ್ಧದಲ್ಲಿ ಅದರ ಮೇಲೆ 53 ಸಲ ವೈಮಾನಿಕ ದಾಳಿಯಾಯಿತು. ಕುಸಿದ ಮನೆಗಳ ಅವಶೇಷಗಳಲ್ಲಿ ಸುಮಾರು 15 ಲಕ್ಷ ಘನ ಮೀಟರಿನಷ್ಟನ್ನು 1953ರಿಂದ 1957ರವರೆಗೆ ಬಿರ್ಕೆನ್‌ಕಾಫ್ ಎಂಬ ಗುಡ್ಡದ ಮೇಲೆ ಸುರಿದರು. ಗುಡ್ಡ ಸುಮಾರು 40 ಮೀಟರು ಬೆಳೆಯಿತು. ಇಂದು ಸಂಜೆ ಗಾಳಿಗೆಂದು ಅಲ್ಲಿಗೆ ಹೋದವರು ಕೆತ್ತನೆಯ ಬಾಗಿಲವಾಡ, ಕಂಬದ ತುಂಡುಗಳ ಮೇಲೆ ಕುಳಿತು ಊರನ್ನು ನೋಡುತ್ತಾರೆ. ಅಷ್ಟನ್ನೂ ಎತ್ತಿ ಕಾಣುವಂತೆ ಇಟ್ಟ ಈ ಊರು ತನ್ನ ಹೊಳೆಯನ್ನು ಮಾತ್ರ ಬಚ್ಚಿಟ್ಟಿದೆ. ನೇಜನ್‌ಬಾಖ್ ಎಂಬ ಆ ಹೊಳೆಯ ಕಣಿವೆಯಲ್ಲೇ ಊರು ಹುಟ್ಟಿದ್ದು. ಚರ್ಮ ಹದ ಮಾಡುವವರು, ಬಟ್ಟೆಯ ಬಣ್ಣದವರು, ಬಚ್ಚಲುಗಳವರು ಎಲ್ಲರೂ ಸೇರಿ ಅದನ್ನು ಕೊಚ್ಚೆ ಮಾಡಿದರು. ವಾಸನೆ ತಡೆಯಲಾರದೆ ಮೇಲೆ ಕಮಾನು ಕಟ್ಟಿ ಮುಚ್ಚಿದರು. ಈಗ ಅದು ನೆಲದಡಿಯ ಚರಂಡಿ. ಯುರೋಪಿನವರು ಹುಟ್ಟುತ್ತಲೇ ಚೊಕ್ಕಟವಾಗಿದ್ದವರು ಎಂಬ ಭಾವನೆ ನನ್ನಲ್ಲಿ ಎಲ್ಲೋ ಇತ್ತು. ಅದು ಅಲ್ಲಿಗೆ ಕಳಚಿತು.

ಟ್ಯೂಬಿಂಗೆನ್ ಎಂಬ ವಿದ್ಯಾಪೀಠದ ಊರಿಗೆ ಹೋದದ್ದು ಕನ್ನಡದ ಋಣಕ್ಕಾಗಿ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕನ್ನಡ ನಿಘಂಟಿನ ಕರ್ತೃ ಫರ್ಡಿನಾಂಡ್ ಕಿಟೆಲ್ ತನ್ನ ಕೊನೆಯ ದಿನಗಳನ್ನು ಕಳೆದು 1903ರಲ್ಲಿ ತೀರಿಕೊಂಡದ್ದು ಇಲ್ಲಿ. ‘ಮಂಗಳೂರ ಸಮಾಚಾರ’ವನ್ನು 1843ರಲ್ಲಿ ಹೊರಡಿಸಿದ ಹರ್ಮನ್ ಮೋಗ್ಲಿಂಗ್ ಓದಿದ್ದೂ ಇಲ್ಲಿಯೇ, ಅವನು ಕಣ್ಣು ಮುಚ್ಚಿದ್ದು ನನ್ನ ಬಿಡಾರಕ್ಕೆ ಸಮೀಪದ ಎಸ್ಲಿಂಗೆನ್ ಊರಿನಲ್ಲಿ, 1881ರಲ್ಲಿ. ನೆಕ್ಕರ್ ನದಿಯ ದಂಡೆಯಲ್ಲಿ ಹೋಲ್ಡರ್‌ಲಿನ್ ಕವಿ 36 ವರ್ಷ ಬುದ್ಧಿಭ್ರಮೆಯಲ್ಲಿ ಕಳೆದ ಹಳದಿ ಗೋಪುರವಿದೆ. ಅದರ ಕೆಳಗೆ ಹುಡುಗರು ಉದ್ದನೆಯ ಗಳುವಿನಿಂದ ನೆಲವೊತ್ತಿ ದೋಣಿ ನಡೆಸುತ್ತಿದ್ದರು. ಕಿಟೆಲನ ನಿಘಂಟಿನಲ್ಲಿ ತೂಬು ಇದೆ, ಕೋಡಿ ಇದೆ. ನಮ್ಮಪ್ಪನ ಬಾಯಲ್ಲಿರುವ ಮಾತುಗಳನ್ನು ಕೂಡಿಹಾಕಿದ ಮುದುಕ ಈ ದಂಡೆಯಲ್ಲಿ ಊರುಗೋಲು ಹಿಡಿದು ಓಡಾಡಿರಬಹುದು ಎನಿಸಿ, ಯಾವ ಗೋಪುರದ ಮೇಲೂ ಆಗದ ಒಂದು ತಳಮಳವಾಯಿತು. ಮಾತು ಉಳಿದಿದೆ, ಆ ತೂಬಿನಲ್ಲಿ ಹರಿಯುವ ನೀರು?

ನಮ್ಮ ಕೆರೆಗೆ ನೀರು ತರುವುದು ವೃಷಭಾವತಿ. ಬೆಂಗಳೂರಿನ ಬಸವನಗುಡಿಯಲ್ಲಿ ನಂದಿಯ ಪಾದದಿಂದ ಹುಟ್ಟಿತೆಂದು ಪ್ರತೀತಿ. ಕೆಂಗೇರಿಯನ್ನು ಹಾಯ್ದು, ಬಿಡದಿಯ ಬಳಿ ಬೈರಮಂಗಲ ಕೆರೆಯಲ್ಲಿ ನಿಂತು, ಮುಂದೆ ಕನಕಪುರದ ಕಡೆ ಅರ್ಕಾವತಿಯನ್ನು ಸೇರಿ, ಸಂಗಮದಲ್ಲಿ ಕಾವೇರಿಯಾಗುತ್ತದೆ. ಅಪ್ಪ ಹುಡುಗರಾಗಿದ್ದಾಗ ಕಾಲುವೆಯ ನೀರನ್ನು ಬೊಗಸೆಯಲ್ಲಿ ಎತ್ತಿ ಕುಡಿಯುತ್ತಿದ್ದರು. ನನ್ನ ಕಾಲಕ್ಕೆ ಅದು ಬೆಂಗಳೂರಿನ ಕೊಳಚೆಯನ್ನೂ ಕಾರ್ಖಾನೆಗಳ ತ್ಯಾಜ್ಯವನ್ನೂ ಹೊತ್ತು ಕರ್ರಗೆ ಹರಿಯುತ್ತಿತ್ತು. ಎತ್ತರದಿಂದ ಬೀಳುವಲ್ಲಿ ಹತ್ತಿಯ ರಾಶಿಯಂತೆ ನೊರೆ. ಗದ್ದೆಗಿಳಿದವರಿಗೆ ಮೈ ಕಡಿತ. ಆದರೂ ಆ ನೀರಿನಲ್ಲೇ ಸೊಪ್ಪು, ತರಕಾರಿ, ತೆಂಗು ಬೆಳೆದು ಬೆಂಗಳೂರಿಗೆ ಕಳುಹಿಸುತ್ತೇವೆ. ಕಳುಹಿಸಿದವರಿಗೆ ಬಡ್ಡಿ ಸಮೇತ ಹಿಂತಿರುಗಿಸುತ್ತೇವೆ ಎಂದು ಅಪ್ಪನ ಕಹಿಯಾದ ತಮಾಷೆ.

ಆಗಸ್ಟಿನ ಒಂದು ಶನಿವಾರ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರಕ್ಕೆ ಹೋದೆ. 1815ರಲ್ಲಿ ಆರಂಭವಾದ ಬಾಸೆಲ್ ಮಿಷನ್ನಿನ ಊರು. ಕಿಟೆಲ್, ಮೋಗ್ಲಿಂಗ್ ಇಬ್ಬರೂ ಇಲ್ಲಿಂದಲೇ ಕನ್ನಡನಾಡಿಗೆ ಬಂದವರು. ಕೆಂಪು ಮರಳುಗಲ್ಲಿನ ದೊಡ್ಡ ಚರ್ಚಿನ ಹಿಂದೆ ಒಂದು ಜಗುಲಿಯಿದೆ. ಅಲ್ಲಿ ನಿಂತರೆ ಕೆಳಗೆ ರೈನ್ ನದಿ ಬಿಲ್ಲಿನಂತೆ ಬಾಗಿ ಹರಿಯುವುದು ಕಾಣುತ್ತದೆ. ನಾನು ನೋಡಿದಾಗ ನದಿಯ ತುಂಬ ತಲೆಗಳು! ಏನೋ ಅನಾಹುತವೆಂದು ಗಾಬರಿಯಾಯಿತು. ಸಂಜೆ ಅಲ್ಲಿಯ ಜನ ಉಟ್ಟ ಬಟ್ಟೆಯನ್ನು ಕಳಚಿ, ಮೀನಿನ ಆಕಾರದ ಒಂದು ಚೀಲದಲ್ಲಿ ನೀರು ನುಗ್ಗದಂತೆ ಸುತ್ತಿ, ಆ ಚೀಲವನ್ನೇ ಸೋರೆಬುರುಡೆಯಂತೆ ತಬ್ಬಿಕೊಂಡು ಹೊಳೆಗೆ ಇಳಿಯುತ್ತಾರೆ. ಈಜುವ ಶ್ರಮವೂ ಇಲ್ಲ; ಸೆಳವು ಒಯ್ಯುತ್ತದೆ. ಕೆಳಗೆ ಎಲ್ಲೋ ದಡ ಹತ್ತಿ, ಬಟ್ಟೆ ತೊಟ್ಟು, ಮನೆಗೆ ನಡೆಯುತ್ತಾರೆ. ಅಜ್ಜಿಯರಿದ್ದರು, ಮಕ್ಕಳಿದ್ದರು, ಆಗ ತಾನೆ ಆಫೀಸು ಬಿಟ್ಟಂತಿದ್ದ ಗಂಭೀರ ಮುಖದವರೂ ಇದ್ದರು.

ನದಿಯ ಮೇಲೆ ಒಂದು ಕಡವಿನ ದೋಣಿ ನನ್ನನ್ನು ಇನ್ನೂ ಹೆಚ್ಚು ಹಿಡಿದು ನಿಲ್ಲಿಸಿತು. ಅದಕ್ಕೆ ಇಂಜಿನ್ನಿಲ್ಲ, ಹುಟ್ಟೂ ಇಲ್ಲ. ದಡದಿಂದ ದಡಕ್ಕೆ ಮೇಲೆ ಉಕ್ಕಿನ ಹಗ್ಗ; ಅದರಿಂದ ಇನ್ನೊಂದು ಹಗ್ಗ ದೋಣಿಗೆ. ಅಂಬಿಗ ಚುಕ್ಕಾಣಿಯನ್ನು ತುಸು ಓರೆ ಮಾಡಿದರೆ ಸಾಕು, ಸೆಳವು ದೋಣಿಯನ್ನು ಪಕ್ಕಕ್ಕೆ ತಳ್ಳುತ್ತಾ ಆಚೆ ದಡ ಮುಟ್ಟಿಸುತ್ತದೆ. ಐದು ಸಲ ದಾಟಿದೆ. ಐದನೆಯ ಸಲ ಅಂಬಿಗ ಹಣ ಬೇಡವೆಂದ.

ಅಂದು ರಾತ್ರಿ ಇದನ್ನೆಲ್ಲ ಅಪ್ಪನಿಗೆ ಹೇಳಿದಾಗ ಬಹಳ ಹೊತ್ತು ಮಾತಿಲ್ಲ. ಆಮೇಲೆ, “ಮೇಲ್ಗಡೆ ಕಾರ್ಖಾನೆ ಇಲ್ವೇನಪ್ಪ ಅಲ್ಲಿ?” ಎಂದರು.

ಇತ್ತು. ಬಾಸೆಲ್ ಎಂದರೆ ಔಷಧಿ, ಬಣ್ಣ, ರಾಸಾಯನಿಕಗಳ ಊರು. ನನ್ನ ಬಿಡಾರದ ಒಡತಿ ಭೂಗೋಳ ಕಲಿಸಿ ನಿವೃತ್ತರಾದ ಶಿಕ್ಷಕಿ. ಉಳಿದ ಕಥೆಯನ್ನು ಅವರು ಹೇಳಿದರು. ಅವರ ಯೌವನದಲ್ಲಿ ರೈನ್ ನದಿಯನ್ನು ಯುರೋಪಿನ ಮೋರಿ ಎಂದೇ ಕರೆಯುತ್ತಿದ್ದರಂತೆ. ಬಾಸೆಲ್ ನಗರದ ಕೊಚ್ಚೆಯನ್ನು ಶುದ್ಧಿ ಮಾಡುವ ಸ್ಥಾವರ ಬಂದದ್ದೇ 1980ರ ದಶಕದ ಆರಂಭದಲ್ಲಿ. 1986ರ ನವೆಂಬರ್ 1ರ ನಸುಕಿನಲ್ಲಿ, ಊರಿಗೆ ಸ್ವಲ್ಪ ಮೇಲೆ, ಸ್ಯಾಂಡೋಜ್ ಸಂಸ್ಥೆಯ ಗೋದಾಮು ಹೊತ್ತಿಕೊಂಡಿತು. ಬೆಂಕಿ ಆರಿಸಿದ ನೀರಿನೊಂದಿಗೆ ಕೀಟನಾಶಕಗಳು ನದಿಗಿಳಿದವು. ನದಿ ಕೆಂಪಾಯಿತು. ನೂರಾರು ಕಿಲೋಮೀಟರು ಕೆಳಗಿನವರೆಗೆ ಹಾವುಮೀನುಗಳು ಸತ್ತು ತೇಲಿದವು. ಜನ ಬೀದಿಗಿಳಿದರು. ಮರುವರ್ಷವೇ ದಂಡೆಯ ರಾಷ್ಟ್ರಗಳು ಸೇರಿ, 2000ದ ಹೊತ್ತಿಗೆ ಸಾಲ್ಮನ್ ಮೀನು ಮರಳಿ ಬರಬೇಕೆಂಬ ಗುರಿಯಿಟ್ಟು ಕೆಲಸ ತೊಡಗಿದವು.

ಆದರೆ ಅಪ್ಪನಿಗೆ ಹಿಡಿಸಿದ್ದು ಶಿಕ್ಷಕಿ ಹೇಳಿದ ಇನ್ನೊಂದು ಸಂಗತಿ. ನದಿಯ ಕೆಳಗೆ, ಹಾಲೆಂಡಿನ ರಾಟರ್‌ಡ್ಯಾಮ್ ಕಡೆಯಲ್ಲಿ, ಸಸಿ ಬೆಳೆಯುವ ತೋಟಗಾರರಿದ್ದರು. ಮೇಲೆ, ಫ್ರಾನ್ಸಿನ ಅಲ್ಸಾಸಿನಲ್ಲಿ, ಪೊಟ್ಯಾಶ್ ಗಣಿಗಳವರು ಉಪ್ಪನ್ನು ನದಿಗೆ ಬಿಡುತ್ತಿದ್ದರು. ಉಪ್ಪು ನೀರಿನಿಂದ ಸಸಿಗಳು ಹಾಳಾದುವೆಂದು ತೋಟಗಾರರು ದಾವೆ ಹೂಡಿದರು. ಅನ್ಯದೇಶದವನ ಮೇಲೆ ಎಲ್ಲಿ ದಾವೆ ಹೂಡುವುದು? ಹಾನಿಯಾದ ಜಾಗದಲ್ಲೇ ಹೂಡಬಹುದು ಎಂದು 1976ರಲ್ಲಿ ಯುರೋಪಿನ ನ್ಯಾಯಾಲಯ ಹೇಳಿತು. 1988ರಲ್ಲಿ ಹಾಲೆಂಡಿನ ಸರ್ವೋಚ್ಚ ನ್ಯಾಯಾಲಯ ಗಣಿಯವರನ್ನು ಹೊಣೆ ಮಾಡಿತು. ಅಪ್ಪ ಫೋನಿನಲ್ಲಿ ಇದನ್ನು ಎರಡು ಸಲ ಹೇಳಿಸಿದರು. “ಕೆಳಗಿನವ್ರು ಮೇಲಿನವ್ರನ್ನ ಕೇಳುದ್ರಾ?” ಎಂದರು. ಆಮೇಲೆ, “ಆ ತೋಟದವ್ರ ಮಕ್ಳು ಯಾರಾದ್ರೂ ಗಣೀಲಿ ಕೆಲ್ಸಕ್ಕಿದ್ರಾ?” ಎಂದು ಕೇಳಿದರು.

ಅವರು ಕುಹಕದಿಂದ ಕೇಳಲಿಲ್ಲ. ನಮ್ಮ ಮನೆಯ ಮೇಲೆ ತಾರಸಿ ಬಂದದ್ದು, ತಂಗಿಯ ಮದುವೆಯಾದದ್ದು ನನ್ನ ಸಂಬಳದಿಂದ. ನನಗೆ ಮಾತ್ರ ಅಂದು ನಿದ್ರೆ ಬರಲಿಲ್ಲ. 768 ಮೆಟ್ಟಿಲಿನ ಗೋಪುರಕ್ಕೆ ಹತ್ತಿದವನು ನಾನು. ನಾನು ದುಡಿಯುವ ಕೈಗಾರಿಕಾ ಪ್ರದೇಶದ ಚರಂಡಿಗಳು ಬೇಲಿಯಾಚೆ ಯಾವ ಕಡೆ ಹೋಗುತ್ತವೆಂದು ಹದಿನಾಲ್ಕು ವರ್ಷದಲ್ಲಿ ಒಂದು ದಿನವೂ ನಡೆದು ನೋಡಿರಲಿಲ್ಲ.

2019ರ ಮಾರ್ಚಿನಲ್ಲಿ ಹಿಂತಿರುಗಿದೆ. ಮೊದಲ ಭಾನುವಾರ ಅಪ್ಪನೊಡನೆ ಕೆರೆ ಏರಿಯ ಮೇಲೆ ಕುಳಿತು ಬಾಸೆಲ್ಲಿನ ದೋಣಿಯ ಚಿತ್ರವನ್ನು ಫೋನಿನಲ್ಲಿ ತೋರಿಸಿದೆ. ಗಾಳಿಗೆ ನೊರೆ ಹಾರಿ ಬಂದು ಫೋನಿನ ಗಾಜಿನ ಮೇಲೆ ಕೂರುತ್ತಿತ್ತು. ಅಪ್ಪ ಪಂಚೆಯ ತುದಿಯಿಂದ ಒರೆಸಿ ಒರೆಸಿ ನೋಡಿದರು. ಅನಂತರ, “ನೀನು ಅಷ್ಟೆಲ್ಲ ಊರ್ ನೋಡ್ದೆ, ನಂಗೂ ಒಂದ್ ತೋರ್ಸು” ಎಂದರು. ಎಲ್ಲಿಗೆಂದು ಕೇಳಿದೆ. ಹೊಳೆ ಹುಟ್ಟುವ ಜಾಗ ಎಂದರು. ಎಪ್ಪತ್ತು ವರ್ಷ ಅದರ ನೀರನ್ನು ಹಂಚಿದವರು ಅದರ ತಲೆಯನ್ನು ಕಂಡಿರಲಿಲ್ಲ.

ಮರುವಾರ ಅವರನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಹೊಳೆಯ ಗುಂಟ ಮೇಲಕ್ಕೆ ಹೋದೆ. ಕಾರ್ಖಾನೆಗಳ ಬೇಲಿಯ ಹಿಂದೆ ಒಂದು ಕಡೆ ನಿಲ್ಲಿಸಿ, ಒಂದು ಮೋರಿಯನ್ನು ಅದು ಹಳ್ಳ ಸೇರುವವರೆಗೂ ಇಬ್ಬರೂ ನಡೆದು ನೋಡಿದೆವು. ಅಪ್ಪ ಬಾಗಿ ಮೂಸಿ ನೋಡಿ ಏನೂ ಹೇಳದೆ ಎದ್ದರು. ಕೆಂಗೇರಿ ದಾಟಿದ ಮೇಲೆ ಹೊಳೆ ಕಾಂಕ್ರೀಟು ಗೋಡೆಗಳ ನಡುವೆ ಸಿಕ್ಕಿಕೊಂಡಿತು. ಮೈಸೂರು ರಸ್ತೆಯ ಗಾಳಿ ಆಂಜನೇಯನ ಗುಡಿಯ ಪಕ್ಕದಲ್ಲಿ ವಾಸನೆಯಿಂದಲೇ ಗುರುತು ಹಿಡಿದೆವು. ಬಸವನಗುಡಿಯಲ್ಲಿ ನಂದಿಯ ಸುತ್ತ ಎರಡು ಸಲ ಬಂದರೂ ಅಪ್ಪನಿಗೆ ಹರಿಯುವ ನೀರು ಕಾಣಲಿಲ್ಲ. ಅರ್ಚಕರು ತೀರ್ಥ ಕೊಟ್ಟರು. ಅಪ್ಪ ಅಂಗೈಯಲ್ಲಿದ್ದ ಆ ಒಂದು ಉದ್ಧರಣೆ ನೀರನ್ನು ಬೆಳಕಿಗೆ ಹಿಡಿದು ನೋಡಿ, ಆಮೇಲೆ ಕುಡಿದರು.

ಹಿಂತಿರುಗುವಾಗ ಕೆಂಗೇರಿಯವರೆಗೂ ಮಾತಿಲ್ಲ. ಬಿಡದಿಯ ದೀಪಗಳು ಕಂಡಾಗ ಹಿಂದಿನಿಂದ ಕೇಳಿದರು: “ನಾಳೆ ನಿಂಗೆ ಯಾವ ಪಾಳಿ?”