ಸರ್ಪಗಂಧದ ಬೇರು: ಮದ್ದೆಂದು ತಿಳಿದೇ ಬಳಸಿ



ಹುಲಗೋಳದವರಿಗೆ ಬೇರು-ನಾರಿನ ವಿಷಯ ನಾನು ಹೇಳಹೊರಟರೆ ನಗು ಬಂದೀತು. ಮನೆಮದ್ದು ತೋಟದಂಚಿನಲ್ಲೇ ಇದೆ ಎಂದು ಬಲ್ಲವರು ನೀವು. ಆದರೂ ಒಂದು ಬೇರಿನ ಬಗ್ಗೆ ಎರಡು ಮಾತು ಹೇಳಲೇಬೇಕು. ಅದು ಸರ್ಪಗಂಧ, ಸೂತ್ರನಾಭಿ ಎಂದೂ ಕರೆಯುತ್ತಾರೆ.

ಇದು ಚಿಕ್ಕ ಗಿಡ. ಗೆಣ್ಣಿಗೆ ಮೂರು ಮೂರು ಎಲೆ, ಕೆಂಪು ತೊಟ್ಟಿನ ಬಿಳಿ ಹೂಗೊಂಚಲು, ಬಲು ಕಹಿಯಾದ ಬೇರು. ನಿದ್ದೆ ಬಾರದವರಿಗೆ, ಉನ್ಮಾದಕ್ಕೆ ನಮ್ಮ ವೈದ್ಯರು ಹಿಂದಿನಿಂದಲೂ ಕೊಡುತ್ತಿದ್ದರು. ಇದು ರಕ್ತದೊತ್ತಡವನ್ನೂ ಇಳಿಸುತ್ತದೆಂದು 1931ರಲ್ಲಿ ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಬರೆದರು. 1949ರಲ್ಲಿ ಮುಂಬಯಿಯ ಡಾ. ರುಸ್ತುಂ ಜಾಲ್ ವಕೀಲ್ ತಮ್ಮ ಅನುಭವವನ್ನು ಇಂಗ್ಲೆಂಡಿನ ವೈದ್ಯಪತ್ರಿಕೆಯಲ್ಲಿ ಪ್ರಕಟಿಸಿದ ಮೇಲೆ ಹೊರದೇಶದ ವೈದ್ಯರೂ ಇತ್ತ ತಿರುಗಿ ನೋಡಿದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ವಿಜ್ಞಾನಿಗಳು ಬೇರಿನಿಂದ ರಿಸರ್ಪಿನ್ ಎಂಬ ಸತ್ವವನ್ನು ಬೇರ್ಪಡಿಸಿದರು.

ಈ ಸತ್ವ ದಿನಕ್ಕೆ ಕಾಲು ಮಿಲಿಗ್ರಾಂನಷ್ಟಿದ್ದರೂ ಕೆಲಸ ಮಾಡುತ್ತದೆ. ನಾವು ಚಿಟಿಕೆಯಲ್ಲಿ ಅಳೆಯುವ ಪುಡಿಯಲ್ಲಿ ಅದು ಎಷ್ಟಿದೆಯೆಂದು ಹೇಳುವವರು ಯಾರು? ಹೆಚ್ಚಾದರೆ ತೂಕಡಿಕೆ, ಮೂಗು ಕಟ್ಟುವುದು, ನಾಡಿ ನಿಧಾನವಾಗುವುದು ಕಾಣಿಸುತ್ತವೆ. ಹೊಟ್ಟೆಹುಣ್ಣು ಕೆರಳಬಹುದು. ಕೆಲವರಿಗೆ ಮನಸ್ಸು ತೀರಾ ಕುಗ್ಗುತ್ತದೆ. ಬಿಟ್ಟ ಮೇಲೂ ಪರಿಣಾಮ ಹಲವು ದಿನ ಉಳಿಯುತ್ತದೆ.

“ಯಜಮಾನರೇ, ಬೇರೆ ಔಷಧಿ ಏನಾದರೂ ತಗೊಳ್ತೀರಾ?” ಎಂದು ಕೇಳಿದರೆ ಹಿರಿಯರು “ಇಲ್ಲ” ಎಂದುಬಿಡುತ್ತಾರೆ. ಮನೆಯಲ್ಲಿ ಬೇರಿನ ಪುಡಿ ದಿನವೂ ನಡೆದಿರುತ್ತದೆ. ಅದು ಔಷಧಿಯ ಲೆಕ್ಕಕ್ಕಿಲ್ಲ ಎಂಬುದು ಅವರ ಎಣಿಕೆ. ತಿಳಿಯದೆ ನಾವು ಬಿ.ಪಿ. ಮಾತ್ರೆ ಬರೆಯುತ್ತೇವೆ. ಎರಡೂ ಸೇರಿ ಒತ್ತಡ ಕುಸಿದರೆ, ತೋಟದ ಸಂಕ ದಾಟುವಾಗ ತಲೆ ತಿರುಗಿ ಬಿದ್ದರೆ ಗತಿಯೇನು?

ಆದ್ದರಿಂದ ಇಷ್ಟನ್ನು ನೆನಪಿಡಿ:

• ವೈದ್ಯರ ಸಲಹೆಯಿಲ್ಲದೆ ಈ ಬೇರು ಸೇವಿಸಬೇಡಿ. ಬಿ.ಪಿ. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಲೂ ಬೇಡಿ.
• ಗರ್ಭಿಣಿಯರು, ಮೊಲೆಯೂಡಿಸುವ ತಾಯಂದಿರು, ಹೊಟ್ಟೆಹುಣ್ಣು ಅಥವಾ ಖಿನ್ನತೆ ಇದ್ದವರು ಸೇವಿಸಲೇಬಾರದು.
• ಹೆಸರಿನಲ್ಲಿ ಸರ್ಪವಿದ್ದರೂ ಹಾವಿನ ವಿಷಕ್ಕೆ ಇದು ಮದ್ದಲ್ಲ. ಹಾವು ಕಚ್ಚಿದರೆ ಬೇರು ತೇಯುತ್ತ ಕೂರದೆ, ಪ್ರತಿವಿಷದ ಚುಚ್ಚುಮದ್ದು ಇರುವ ಆಸ್ಪತ್ರೆಗೆ ಕೂಡಲೇ ಕರೆದೊಯ್ಯಿರಿ.
• ಬೇರು ಕಿತ್ತರೆ ಗಿಡವೇ ಹೋಯಿತು. ಕಾಡಿನಲ್ಲಿ ಇದು ಅಪರೂಪವಾಗಿದೆ, ಕೀಳಬೇಡಿ.

ಹಿರಿಯರ ಮದ್ದನ್ನು ಹೀಗಳೆಯಲು ನಾನು ಬಂದಿಲ್ಲ. ಇದರಲ್ಲಿ ಶಕ್ತಿ ಇರುವುದರಿಂದಲೇ ಎಚ್ಚರ ಬೇಕು. ಮುಂದಿನ ಸಲ ಆಸ್ಪತ್ರೆಗೆ ಬರುವಾಗ ಮಾತ್ರೆಯ ಚೀಟಿಯೊಂದಿಗೆ ಬೇರಿನ ಪೊಟ್ಟಣವನ್ನೂ ತನ್ನಿ. ಯಾರೂ ಬೈಯುವುದಿಲ್ಲ.