ಬಾಯಲ್ಲಿ ಮರಿ ಸಾಕುವ ಮೀನು



ಕಲಘಟಗಿ ಕಡೆಯ ರೈತರೊಬ್ಬರು ತಮ್ಮ ಹೊಂಡದಲ್ಲಿ ಕಾಟ್ಲಾ, ರೋಹು ಮರಿ ಬಿಟ್ಟಿದ್ದರು. ಬೇಸಿಗೆಯಲ್ಲಿ ಬಲೆ ಎಳೆದರೆ ಬಂದದ್ದು ಬೆರಳುದ್ದದ ಜಿಲೇಬಿ ಮೀನಿನ ರಾಶಿ. ಕಾಟ್ಲಾ ಪಾವು ಕಿಲೋ ಸಹ ತೂಗಲಿಲ್ಲ. "ಸಾಹೇಬ್ರ, ನಾ ಇವನ್ನ ಬಿಟ್ಟೇ ಇಲ್ಲರಿ, ಎಲ್ಲಿಂದ ಬಂದೂ?" ಎಂದು ಕೇಳಿದರು. ವಿಚಾರಿಸಿದಾಗ ತಿಳಿಯಿತು. ಹುಬ್ಬಳ್ಳಿಯಲ್ಲಿ ಓದುವ ಮಗ ಗಾಜಿನ ತೊಟ್ಟಿಯಲ್ಲಿ ಸಾಕಿದ್ದ ನಾಲ್ಕು ಮೀನುಗಳನ್ನು ತಂದು ಹೊಂಡಕ್ಕೆ ಬಿಟ್ಟಿದ್ದ.

ನಾಲ್ಕು ಇದ್ದದ್ದು ಇಷ್ಟ್ಯಾಕ ಆದೂ ಅಂತೀರಿ? ಜಿಲೇಬಿ ಅಂದರೆ ತಿಲಾಪಿಯಾ, ಆಫ್ರಿಕಾದ ಮೀನು. 1952ರಲ್ಲಿ ನಮ್ಮ ದೇಶಕ್ಕೆ ತಂದರು. ಗಂಡು ತಳದಲ್ಲಿ ಬೋಗುಣಿಯಂಥ ಕುಳಿ ತೋಡುತ್ತದೆ. ಹೆಣ್ಣು ಅಲ್ಲಿ ತತ್ತಿ ಇಟ್ಟು ಕೂಡಲೇ ಬಾಯೊಳಗೆ ತುಂಬಿಕೊಳ್ಳುತ್ತದೆ. ಕೆಲವೇ ದಿನಗಳಲ್ಲಿ ತತ್ತಿ ಒಡೆದರೂ ಮರಿಗಳನ್ನು ಹೊರಗೆ ಬಿಡುವುದಿಲ್ಲ. ಸುಮಾರು 20 ದಿನ ತಾಯಿ ಬಹುತೇಕ ಉಪವಾಸ. ನಮ್ಮ ಏಕಾದಶಿ ಇದರ ಮುಂದ ಏನೂ ಅಲ್ಲ! ಹೊರಬಂದ ಮರಿಗಳು ಹೆದರಿದರೆ ಮತ್ತೆ ತಾಯಿಯ ಬಾಯಿಗೇ ಓಡುತ್ತವೆ. ಪಶ್ಚಿಮ ಆಫ್ರಿಕಾದ ಕರಾವಳಿಯ ಕಪ್ಪುಗದ್ದದ ತಿಲಾಪಿಯಾದಲ್ಲಿ ಈ ಕೆಲಸ ಗಂಡಿನದು.

ಕಾಟ್ಲಾ ನಿಂತ ನೀರಿನ ಹೊಂಡದಲ್ಲಿ ಮರಿ ಮಾಡುವುದಿಲ್ಲ. ಇದಾದರೋ ಎರಡು ಮೂರು ತಿಂಗಳ ವಯಸ್ಸಿಗೇ ತಾಯಿಯಾಗುತ್ತದೆ, ತಿಂಗಳು ಒಂದೂವರೆ ತಿಂಗಳಿಗೊಮ್ಮೆ ಮರಿ ಮಾಡುತ್ತದೆ. ಮೇವು ಹಂಚಿಹೋಗಿ ಯಾವುದೂ ಬೆಳೆಯುವುದಿಲ್ಲ.

ಹುಡುಗರು ಗಾಜಿನ ತೊಟ್ಟಿಯಲ್ಲಿ ಸಾಕಲಿ, ನಾನು ಬೇಡ ಅನ್ನುವುದಿಲ್ಲ; ನೋಡಲಿಕ್ಕೆ ಬಹಳ ಚಂದ. ಮೂರು ನಾಲ್ಕು ಅಡಿ ಉದ್ದದ ತೊಟ್ಟಿ, ತಳಕ್ಕೆ ಉಸುಕು, ಒಂದು ಗಂಡಿಗೆ ಎರಡು ಮೂರು ಹೆಣ್ಣು. ನಳದ ನೀರನ್ನು ಒಂದು ದಿನ ತೆರೆದಿಟ್ಟು, ಕ್ಲೋರಿನ್ ಹೋದ ಮೇಲೆ ಹಾಕ್ರಿ. ಗದ್ದ ಉಬ್ಬಿದ ಹೆಣ್ಣನ್ನು ಮುಟ್ಟಬ್ಯಾಡ್ರಿ. ಬಲೆಯಿಂದ ಎತ್ತಿದರೆ ಹೆದರಿ ತತ್ತಿ ಉಗುಳಿಬಿಡುತ್ತದೆ. ಮರಿಗಳಿಗೆ ಶೇಂಗಾ ಹಿಂಡಿ, ಅಕ್ಕಿ ತೌಡು ನುಣ್ಣಗೆ ಮಾಡಿ ಚಿಟಿಕೆಯಷ್ಟು ಸಾಕು. ಹೆಚ್ಚಾದ ಮರಿಗಳನ್ನು ಉಣಕಲ್ ಕೆರೆಗೋ ಕೆಲಗೇರಿ ಕೆರೆಗೋ ಮಾತ್ರ ಸುರುವಬ್ಯಾಡ್ರಿ. ಸಾಕುವವರಿಗೆ ಕೊಡ್ರಿ.

ಹೊಂಡದಲ್ಲಿ ಈಗಾಗಲೇ ಸೇರಿದ್ದರೆ ಬಲೆ ಎಳೆದು ಪೂರ್ತಿ ತೆಗೆಯುವುದು ಆಗದ ಮಾತು. ನೀರು ಬಸಿದು, ತಳ ಬಿರುಕು ಬಿಡುವಂತೆ ಒಣಗಿಸಿ, ಸುಣ್ಣ ಹಾಕಬೇಕು. ಒಂದು ಗುಂಡಿಯಲ್ಲಿ ಸಹ ನೀರು ಉಳಿಯಬಾರದು. ನೀರು ಬರುವ ಬಾಯಿಗೆ ಸಣ್ಣ ಕಣ್ಣಿನ ಜಾಳಿಗೆ ಕಟ್ರಿ.

ಆ ರೈತರು ಹಾಗೆಯೇ ಒಣಗಿಸಿದ್ದಾರೆ. ಮಳೆಯಾಗಿ ಹೊಂಡ ತುಂಬಿದ ಮೇಲೆ ಮತ್ತೆ ಕಾಟ್ಲಾ ಮರಿ ಬಿಡುವವರಿದ್ದಾರೆ.