ಬೀಜಗಣಿತದ ಮೊದಲ ಪಾಠ



ವೈದ್ಯನಾದವನು ಗಣಿತದ ವಿಷಯವಾಗಿ ಮಾತನಾಡುವುದು ಅಧಿಕಪ್ರಸಂಗವೆನಿಸಬಹುದು. ಆದರೆ ನಾವು ದಿನವೂ ಬಳಸುವ ಕ್ಷ-ಕಿರಣದ ಹೆಸರೇ ಬೀಜಗಣಿತದಿಂದ ಪಡೆದ ಸಾಲ. 1895ರಲ್ಲಿ ರಾಂಟ್‌ಜನ್ ಅವರು, ತಾವು ಕಂಡ ಕಿರಣದ ಸ್ವರೂಪ ತಿಳಿಯದಿದ್ದುದರಿಂದ, ಅದಕ್ಕೆ ತಿಳಿಯದ ರಾಶಿಯ ಅಕ್ಷರವನ್ನಿತ್ತರು. ಕನ್ನಡದಲ್ಲಿ ಅದು ‘ಕ್ಷ’ ಆಯಿತು.

ಐರ್ಲೆಂಡಿನಲ್ಲಿ ನಮ್ಮ ಮಕ್ಕಳು ಸೆಕೆಂಡರಿ ಶಾಲೆಯ ಮೊದಲ ವರ್ಷದಲ್ಲಿ ಈ ಅಕ್ಷರವನ್ನು ಗಂಭೀರವಾಗಿ ಎದುರಿಸುತ್ತಾರೆ. ಸಂಜೆ ತಂದೆತಾಯಿಗಳು ಊರಿನ ಪಾಠ ಹೇಳುತ್ತಾರೆ: “ಆ ಕಡೆ ಹೋದರೆ ಕೂಡುವುದು ಕಳೆಯುವುದಾಗುತ್ತದೆ.” ಇದಕ್ಕೆ ಪಕ್ಷಾಂತರವೆಂದು ಹೆಸರು. (ಶಾಸಕರಂತೆ ಸಂಖ್ಯೆಯೂ ಪಕ್ಷ ಬಿಟ್ಟೊಡನೆ ಬಣ್ಣ ಬದಲಿಸುತ್ತದೆಂದು ಮಗು ತಿಳಿದರೆ ಆಶ್ಚರ್ಯವಿಲ್ಲ!) ನಿಜದಲ್ಲಿ ಯಾವ ಸಂಖ್ಯೆಯೂ ಎಲ್ಲಿಗೂ ಹೋಗುವುದಿಲ್ಲ. ಕ್ಷ + 7 = 12 ಎಂಬುದು ಸಮತೂಗಿದ ತಕ್ಕಡಿ; ಎರಡೂ ತಟ್ಟೆಗಳಿಂದ ಏಳೇಳು ತೆಗೆದರೆ ಕ್ಷ ಐದೆಂದು ತಾನಾಗಿ ತೋರುತ್ತದೆ.

2008ರಲ್ಲಿ 24 ಶಾಲೆಗಳಲ್ಲಿ ಆರಂಭವಾಗಿ 2010ರಲ್ಲಿ ದೇಶವ್ಯಾಪಿಯಾದ ‘ಪ್ರಾಜೆಕ್ಟ್ ಮ್ಯಾಥ್ಸ್’ ಸುಧಾರಣೆಯಿಂದೀಚೆಗೆ ಇಲ್ಲಿನ ದಾರಿ ಇನ್ನೂ ನಿಧಾನವಾಗಿದೆ. ಹುಂಡಿಯಲ್ಲಿ ಮೊದಲೇ 4 ಯೂರೋ ಇದ್ದು, ದಿನಕ್ಕೆ 2ರಂತೆ ಸೇರಿಸುತ್ತ ಹೋದರೆ? ಮಗು ಪಟ್ಟಿ ಬರೆಯುತ್ತದೆ, ನಕ್ಷೆ ಎಳೆಯುತ್ತದೆ, ಕೊನೆಗೆ ‘ನ’ ದಿನಗಳಿಗೆ 4 + 2ನ ಎಂಬಲ್ಲಿಗೆ ತಾನೇ ಬರುತ್ತದೆ. ಲೀವಿಂಗ್ ಸರ್ಟಿಫಿಕೇಟಿನ ಮೇಲ್ದರ್ಜೆಯ ಗಣಿತಕ್ಕೆ 2012ರಿಂದ ದೊರೆಯುತ್ತಿರುವ 25 ಹೆಚ್ಚುವರಿ ಅಂಕಗಳ ಮೇಲೆ ಕಣ್ಣಿಟ್ಟ ನಮ್ಮವರಿಗೆ ಇದು ಕಾಲಹರಣ. ನನಗೆ ಹಾಗೆ ತೋರುವುದಿಲ್ಲ. ಮೊದಲಿನ ಕ್ಷ ಅಡಗಿ ಕುಳಿತ ಒಂದೇ ಸಂಖ್ಯೆ. ಈ ‘ನ’ ಯಾವ ದಿನವಾದರೂ ಆಗಬಹುದು. ಭಾಸ್ಕರಾಚಾರ್ಯರ 12ನೆಯ ಶತಮಾನದ ‘ಬೀಜಗಣಿತ’ದಲ್ಲಿ ತಿಳಿಯದ ರಾಶಿಯ ಹೆಸರು ‘ಯಾವತ್ತಾವತ್’, ಎಂದರೆ ಎಷ್ಟೋ ಅಷ್ಟು.

ನಮ್ಮ ವೃತ್ತಿಯಿಂದಲೇ ಒಂದು ಲೆಕ್ಕ. ಮಗುವಿಗೆ ಪ್ಯಾರಾಸಿಟಮಾಲ್ ಒಂದು ಸಲಕ್ಕೆ ಕಿಲೋಗೆ 15 ಮಿಲಿಗ್ರಾಂ ಎನ್ನೋಣ. ಸಿರಪ್ಪಿನ 5 ಮಿಲಿಲೀಟರಿನಲ್ಲಿ ಇರುವುದು 120. ಆಗ ತೂಕವನ್ನು ಐದರಿಂದ ಗುಣಿಸಿ ಎಂಟರಿಂದ ಭಾಗಿಸಿದರೆ ಸಾಕು: 8 ಕಿಲೋಗೆ 5 ಮಿಲಿಲೀಟರ್, 12 ಕಿಲೋಗೆ ಏಳೂವರೆ. ಆದರೆ ಅಂಗಡಿಯಲ್ಲಿ 5 ಮಿಲಿಲೀಟರಿಗೆ 250 ಮಿಲಿಗ್ರಾಮಿನ ಸಿರಪ್ಪೂ ಉಂಟು. ಎಂಟು ಎಲ್ಲಿಂದ ಬಂತೆಂದು ಅರಿಯದೆ ಬಾಯಿಪಾಠ ಮಾಡಿದವನು ಆ ಸೀಸೆಗೂ ಎಂಟರಿಂದಲೇ ಭಾಗಿಸಿದರೆ, ಮಗುವಿನ ಹೊಟ್ಟೆಗೆ ಎರಡರಷ್ಟಕ್ಕೂ ಮೀರಿದ ಔಷಧ ಸೇರುತ್ತದೆ.

ನಿಯಮದ ಕಾರಣ ಬಲ್ಲವರು ಬೇಕಾದಾಗ ಅದನ್ನು ಬಿಡಲೂ ಬಲ್ಲರು. 1843ರ ಅಕ್ಟೋಬರ್ 16ರಂದು ಡಬ್ಲಿನ್ನಿನ ವಿಲಿಯಂ ರೋವನ್ ಹ್ಯಾಮಿಲ್ಟನ್ ಅವರು ಪತ್ನಿಯೊಡನೆ ರಾಯಲ್ ಕಾಲುವೆಯ ದಡದಲ್ಲಿ ನಡೆಯುತ್ತಿದ್ದಾಗ, ಗುಣಾಕಾರದ ಕ್ರಮ ಬದಲಾದರೆ ಫಲವೂ ಬದಲಾಗಬಲ್ಲ ಹೊಸ ಬೀಜಗಣಿತವನ್ನು ಕಂಡು, ಬ್ರೂಮ್ ಸೇತುವೆಯ ಕಲ್ಲಿನಲ್ಲಿ ಅದರ ಸಮೀಕರಣವನ್ನು ಕೆತ್ತಿದರು. ಕೆತ್ತನೆ ಅಳಿಸಿಹೋಗಿದೆ, 1958ರ ಫಲಕವಿದೆ. ಲೂವಾಸ್ ಹಸಿರು ಮಾರ್ಗದ ಕೊನೆಯ ನಿಲ್ದಾಣ ಅದರ ಸಮೀಪದಲ್ಲೇ ಇರುವುದರಿಂದ ಒಂದು ಭಾನುವಾರ ಮಕ್ಕಳೊಡನೆ ಹೋಗಿಬರಬಹುದು.